ಎಲ್ಲರಿಗೂ ಎರಡು ಅಂಕ

ನಮ್ಮ ದೊಡ್ಡಮ್ಮನ ಜೊತೆ ಊಟಕ್ಕೆ ಕೂರುವುದೂ ಒಂದೇ, ಪರೀಕ್ಷೆಗೆ ಕೂರುವುದೂ ಒಂದೇ. ಕಾಲೇಜು ಓದುವಾಗ ನಾನು ಅವರ ಮನೆಯಲ್ಲೇ ಇದ್ದೆ. ತಟ್ಟೆಗೆ ಬಡಿಸಿ ಮುಗಿಯುವಷ್ಟರಲ್ಲಿ ಶುರುವಾಗುತ್ತಿತ್ತು.

"ಕೇಳಿ ಇಲ್ಲಿ. 'ನಿನ್ನ ಕೋಣೆಯ ಉದ್ದ ಹನ್ನೆರಡು ಅಡಿ, ಅಗಲ ಹತ್ತು ಅಡಿ. ನೆಲಕ್ಕೆಲ್ಲ ಚಾಪೆ ಹಾಸಲು ಎಷ್ಟು ಚದರ ಅಡಿ ಬೇಕು?' ಇದರಲ್ಲಿ ಯಾವ ಮಗು ಎಡವತ್ತೆ?"

"ಚಾಪೆ ಮೇಲೆ ತಾನೆ? ಎಡವಿದ್ರೂ ಏಟಾಗಲ್ಲ ಬಿಡು," ಎನ್ನುತ್ತಿದ್ದರು ದೊಡ್ಡಪ್ಪ.

ದೊಡ್ಡಮ್ಮ ನಗುತ್ತಿರಲಿಲ್ಲ. "ಇಡೀ ಸಂಸಾರ ಒಂದೇ ಕೋಣೆಯಲ್ಲಿರೋ ಮಗು. 'ನಿನ್ನ ಕೋಣೆ' ಅಂದ ತಕ್ಷಣ ಅದು ಲೆಕ್ಕ ಬಿಟ್ಟು ಕೋಣೆ ಬಗ್ಗೆ ಯೋಚನೆ ಮಾಡ್ತಾ ಕೂರತ್ತೆ. 'ಒಂದು ಕೋಣೆ' ಅಂತ ಬರೆದಿದ್ರೆ ಇವರ ಗಂಟೇನು ಹೋಗ್ತಿತ್ತು?"

ಮುಗಿದುಹೋದ ಪರೀಕ್ಷೆಗಳ ಪ್ರಶ್ನೆಗಳನ್ನಷ್ಟೇ ಹೀಗೆ ಊಟದ ಜೊತೆ ನಂಚಿಕೊಳ್ಳುತ್ತಿದ್ದರು. ಬರಲಿರುವ ಪ್ರಶ್ನೆಯ ಬಗ್ಗೆ ಅವರ ಬಾಯಿ ಬಿಡಿಸಲು ಯಾರಿಂದಲೂ ಆಗುತ್ತಿರಲಿಲ್ಲ.

ದೊಡ್ಡಮ್ಮ ಮೊದಲು ವಿಜ್ಞಾನದ ಟೀಚರ್. ಆಮೇಲೆ ಪರೀಕ್ಷಾ ಕಚೇರಿಯವರು ಕರೆಸಿಕೊಂಡು ಪ್ರಶ್ನೆ ಪರಿಶೀಲನೆಯ ಸಮಿತಿಗೆ ಹಾಕಿದರು. ಉತ್ತರ ಗೊತ್ತಿದ್ದ ಮಗುವೂ ಯಾವ ಪ್ರಶ್ನೆಯಲ್ಲಿ ಸೋಲುತ್ತದೆ, ಯಾರ ಮನೆಯ ಮಗುವನ್ನು ಪ್ರಶ್ನೆಯೇ ಕೈಹಿಡಿದು ನಡೆಸುತ್ತದೆ ಎಂದು ಹುಡುಕಿ ತೆಗೆಯುವುದು ಅಲ್ಲಿನ ಕೆಲಸ. ಈಜುಕೊಳದ ಪ್ರಶ್ನೆ, ವಿಮಾನದ ಕಿಟಕಿಯ ಪ್ರಶ್ನೆ, ಎಲ್ಲವನ್ನೂ ಹೊಡೆದು ಹಾಕಿದರು. ಮೊಸರಲ್ಲಿ ಕಲ್ಲು ಹುಡುಕುವುದಕ್ಕೆ ಸರ್ಕಾರವೇ ಸಂಬಳ ಕೊಡುತ್ತಿದೆ ಎಂದು ದೊಡ್ಡಪ್ಪ ಊರೆಲ್ಲ ಹೇಳಿಕೊಂಡು ಬಂದರು. ಕಚೇರಿಯವರು 'ಜರಡಿ ಮೇಡಂ' ಎಂದು ಹೆಸರಿಟ್ಟರು. ಆ ಹೆಸರು ಅವರ ಕಿವಿಗೆ ಬಿದ್ದಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ನಾನು ಬಲ್ಲೆ.

ಒಂದು ವರ್ಷ ವಸತಿ ಶಾಲೆಯ ಪ್ರವೇಶ ಪರೀಕ್ಷೆ ನಡೆಯಿತು. ಊಟ, ಬಟ್ಟೆ, ಪುಸ್ತಕ ಎಲ್ಲವನ್ನೂ ಕೊಟ್ಟು ಓದಿಸುವ ಶಾಲೆ. ಸೀಟು ಸಿಕ್ಕಿದರೆ ಮಗುವಿನ ಬಾಳು ಒಂದು ದಾರಿಗೆ ಬಿದ್ದಂತೆ. ಪರೀಕ್ಷೆ ಮುಗಿದ ಮೇಲೆ ಒಂದು ಪ್ರಶ್ನೆಯ ಬಗ್ಗೆ ದೂರು ಬಂತು. ತುಂಬಿದ ಕೊಡವನ್ನು ಬಾವಿಯಿಂದ ಹಗ್ಗದಲ್ಲಿ ಎಳೆಯುವಾಗ ಭಾರ ಮೊದಲಿಂದ ಕೊನೆಯವರೆಗೆ ಒಂದೇ ಇರುತ್ತದೆಯೇ, ಮೇಲೆ ಬಂದಷ್ಟೂ ಹೆಚ್ಚುತ್ತದೆಯೇ, ಅಥವಾ ನೀರು ಬಿಟ್ಟು ಹೊರಗೆ ಬಂದಾಗ ಹೆಚ್ಚುತ್ತದೆಯೇ ಎನ್ನುವ ಪ್ರಶ್ನೆ. ಅದಕ್ಕೆ ಎರಡು ಅಂಕ.

ದೂರು ಕೊಟ್ಟವರು ಒಳ್ಳೆಯ ಶಾಲೆಗಳ ಮಕ್ಕಳ ತಂದೆತಾಯಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನಾಗಿದ್ದರೆ ತಳ್ಳಿಹಾಕುತ್ತಿದ್ದೆ. ಆದರೆ ಕಚೇರಿಯ ಅಂಕಿಅಂಶದವರೂ ಅದೇ ಪ್ರಶ್ನೆಗೆ ಕೆಂಪು ಗೆರೆ ಎಳೆದಿದ್ದರು. ಅವರ ಲೆಕ್ಕಾಚಾರ ಸರಳ. ಇಡೀ ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆದವರು ಒಂದು ಪ್ರಶ್ನೆಯನ್ನು ಸರಿ ಮಾಡಿರಬೇಕು, ಕಡಿಮೆ ತೆಗೆದವರು ತಪ್ಪು ಮಾಡಿರಬೇಕು. ತಿರುಗುಮುರುಗಾದರೆ ಪ್ರಶ್ನೆಯೇ ಕೆಟ್ಟಿದೆ ಎಂದರ್ಥ. ಬಾವಿಯ ಪ್ರಶ್ನೆ ತಿರುಗುಮುರುಗಾಗಿತ್ತು. ಮೇಲಿನ ಸಾಲಿನ ಮಕ್ಕಳು ಗುಂಪುಗುಂಪಾಗಿ ತಪ್ಪಿದ್ದರು, ಕೆಳಗಿನ ಸಾಲಿನವರು ಸರಿ ಬರೆದಿದ್ದರು.

ದೊಡ್ಡಮ್ಮನೂ ಮೊದಲು ಹೌದೆಂದರು. ಬಾವಿ ಇದ್ದವರಿಗೆ ಸಲೀಸು, ನಲ್ಲಿ ಇದ್ದವರಿಗೆ ಕಷ್ಟ. ಇದು ಪಕ್ಷಪಾತವಲ್ಲದೆ ಮತ್ತೇನು? ಆದರೂ ಅನುಮಾನ ಬಂದ ಪ್ರಶ್ನೆಯನ್ನು ತೆಗೆಯುವ ಮೊದಲು ಕೆಲವು ಮಕ್ಕಳನ್ನು ಕರೆಸಿ 'ಹೀಗೆ ಯಾಕೆ ಬರೆದೆ' ಎಂದು ಕೇಳುವ ಪದ್ಧತಿಯನ್ನು ಅವರೇ ತಂದಿದ್ದರು. ಹಾಗಾಗಿ ಮಕ್ಕಳು ಬಂದರು.

ಮೊದಲು ಒಬ್ಬ ಹುಡುಗ, ಜಾಣ, ವಿನಯವಂತ. ನೀರು ವಸ್ತುವನ್ನು ಮೇಲಕ್ಕೆ ತಳ್ಳುವ ನಿಯಮವನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದ. ಕೊಡದ ಮಾತು ಬಂದಾಗ, "ಒಳಗಿರೋ ನೀರು ಅಷ್ಟೇ ಅಲ್ವಾ ಮೇಡಂ, ಭಾರ ಯಾಕೆ ಬದಲಾಗತ್ತೆ?" ಎಂದ.

ಆಮೇಲೆ ಒಬ್ಬ ಹುಡುಗಿ. ಅಮ್ಮ ಇಸ್ತ್ರಿ ಅಂಗಡಿಯವಳು. ಕುರ್ಚಿಯ ತುದಿಯಲ್ಲಿ ಕೂತು ಹೇಳಿದಳಂತೆ, "ಒಳಗಿರೋ ತನಕ ನೀರೂ ಎತ್ಕೊಂಡಿರತ್ತೆ ಮೇಡಂ. ಹೊರಗೆ ಬಂದ ತಕ್ಷಣ ಬಿಟ್ಬಿಡತ್ತೆ. ಆಮೇಲೆ ಪೂರ್ತಿ ನಮ್ಮ ಕೈಗೇ."

ಆ ಹುಡುಗಿಯ ಪತ್ರಿಕೆ ದೊಡ್ಡಮ್ಮನ ಮುಂದೆಯೇ ಇತ್ತು. ಲಿಫ್ಟಿನ ಪ್ರಶ್ನೆಯನ್ನು ತಪ್ಪು ಮಾಡಿದ್ದಳು. ಲಿಫ್ಟು ಮೇಲಕ್ಕೆ ಹೊರಟ ಕ್ಷಣ ಒಳಗೆ ನಿಂತವರಿಗೆ ಮೈ ಭಾರವೆನಿಸುತ್ತದೆಯೇ, ಹಗುರವೆನಿಸುತ್ತದೆಯೇ ಎಂಬ ಪ್ರಶ್ನೆ. ಅದಕ್ಕೂ ಎರಡೇ ಅಂಕ. ಸುಮ್ಮನೆ ಕೇಳಿದರು, "ಲಿಫ್ಟ್ ನೋಡಿದ್ದೀಯಾ?"

"ಇವತ್ತು ಇಲ್ಲಿಗೆ ಬರೋವಾಗ ಹತ್ತಿದೆ ಮೇಡಂ. ಹೊರಟಾಗ ಯಾರೋ ಭುಜ ಹಿಡಿದು ಒತ್ತಿದ ಹಾಗಾಯ್ತು." ಭುಜ ಮುಟ್ಟಿ ತೋರಿಸುತ್ತಾ, "ಮೊದಲೇ ಹತ್ತಿದ್ರೆ ಬರೀತಿದ್ದೆ," ಎಂದಳು.

ಆ ಲಿಫ್ಟಿನ ಪ್ರಶ್ನೆಯನ್ನು ಪಾಸು ಮಾಡಿದವರು ದೊಡ್ಡಮ್ಮನೇ. ಈಜುಕೊಳದ ಡೊಂಕು ಕಂಡ ಅವರಿಗೆ ಲಿಫ್ಟಿನ ಡೊಂಕು ಕಂಡಿರಲಿಲ್ಲ. ಯಾಕೆಂದರೆ ದಿನಾ ಬೆಳಿಗ್ಗೆ ಅದರಲ್ಲೇ ಆಫೀಸಿಗೆ ಹತ್ತಿಹೋಗುತ್ತಿದ್ದರು. ಅಂಕಿಅಂಶದವರೂ ಗೆರೆ ಎಳೆದಿರಲಿಲ್ಲ. ಮೇಲಿನ ಸಾಲಿನವರೆಲ್ಲ ಸರಿ ಮಾಡಿದ್ದರಲ್ಲ. ಅವತ್ತು ಮನೆಗೆ ಬಂದು ನನ್ನೆದುರು ಕೂತು, "ನಮ್ಮಂಥ ಮನೆ ಮಕ್ಕಳಿಗೆ ಕಷ್ಟ ಆಗೋ ಬಾವಿ ಪಕ್ಷಪಾತ ಅನ್ನಿಸ್ತು, ಸುಲಭ ಆಗೋ ಲಿಫ್ಟು ಕಣ್ಣಿಗೇ ಬೀಳ್ಲಿಲ್ಲ ಕಣೇ," ಎಂದರು. ಅವರ ದನಿ ಹಾಗೆ ಕುಗ್ಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ಅಳು ಬಂತು.

ಮರುದಿನ ಸಮಿತಿಯಲ್ಲಿ ವಾದ ಹೂಡಿದರು. ಎರಡೂ ಪ್ರಶ್ನೆ ಇರಲಿ, ಇಲ್ಲವೇ ಎರಡೂ ಹೋಗಲಿ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಆಗಬಾರದು.

ಅಧ್ಯಕ್ಷರು ಕೆಟ್ಟವರಲ್ಲ. ಯಾರ ಮನಸ್ಸನ್ನೂ ನೋಯಿಸದೆ ನಿವೃತ್ತಿಯಾಗಬೇಕೆಂದು ಕೂತವರು. "ಲಿಫ್ಟಿನ ಪ್ರಶ್ನೆಗೆ ದೂರೇ ಬಂದಿಲ್ಲವಲ್ಲ ಮೇಡಂ," ಎಂದರು.

"ದೂರು ಕೊಡಬಹುದು ಅಂತಲೇ ಗೊತ್ತಿಲ್ಲದವರು ಹೇಗೆ ಕೊಡ್ತಾರೆ ಸರ್?"

"ನೀವೇ ತಾನೆ ಮೊನ್ನೆ ಬಾವಿದು ಪಕ್ಷಪಾತ ಅಂದಿದ್ದು? ಬರವಣಿಗೆಯಲ್ಲೂ ಇದೆ." ಆಮೇಲೆ ಸಮಾಧಾನದ ದನಿಯಲ್ಲಿ, "ಯಾರ ಅಂಕವನ್ನೂ ಕಳೆಯೋದು ಬೇಡ. ಬಾವಿ ಪ್ರಶ್ನೆಗೆ ಎಲ್ಲರಿಗೂ ಎರಡು ಅಂಕ ಕೊಟ್ಟುಬಿಡೋಣ. ಯಾರಿಗೂ ನಷ್ಟ ಇಲ್ಲ," ಎಂದರು.

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಎಲ್ಲರೂ ತಲೆಯಾಡಿಸಿದರು. ದೊಡ್ಡಮ್ಮ ಸಹಿ ಹಾಕಲಿಲ್ಲ. ಅವರ ಸಹಿ ಇಲ್ಲದೆಯೂ ತೀರ್ಮಾನ ಜಾರಿಗೆ ಬಂತು.

ಪಟ್ಟಿ ಹೊರಬಿದ್ದಾಗ ಆ ಹುಡುಗಿ ಕೊನೆಯ ಸೀಟಿನ ಕೆಳಗಿದ್ದಳು. ಬಾವಿಯ ಪ್ರಶ್ನೆ ತಪ್ಪಿದವರು ಎರಡೆರಡು ಅಂಕ ಏರಿ ಅವಳನ್ನು ದಾಟಿ ಹೋಗಿದ್ದರು. ಅಂಕ ಕೊಡದೆ ಇದ್ದಿದ್ದರೆ ಅವಳು ಗೆರೆಯ ಮೇಲಿರುತ್ತಿದ್ದಳು. ದೊಡ್ಡಮ್ಮ ಮೇಲಿನವರಿಗೆ ಬರೆದರು, ಕಚೇರಿ ಕಚೇರಿ ಸುತ್ತಿದರು. ಸೀಟು ತುಂಬಿಹೋಗಿತ್ತು. ಕೊನೆಗೆ ಒಂದು ಭಾನುವಾರ ಹುಡುಗಿಯ ಮನೆಗೆ ಹೊರಟರು. ಜೊತೆಗೆ ನನ್ನನ್ನೂ ಕರೆದರು.

"ಅವರು ಮಾಡಿದ್ದಕ್ಕೆ ನೀವ್ಯಾಕೆ ದೊಡ್ಡಮ್ಮ ಹೋಗಿ ಮುಖ ತೋರಿಸ್ಬೇಕು?" ಎಂದೆ, ನನಗೆ ಸಿಟ್ಟಿತ್ತು.

"ಕರೆಸಿ ಕೇಳಿದವಳು ನಾನು. ಏನಾಯ್ತು ಅಂತ ಹೇಳಬೇಕಾದವಳೂ ನಾನೇ."

ಟೈರ್ ಅಂಗಡಿಯ ಹಿಂದಿನ ವಠಾರದಲ್ಲಿ, ಬಾವಿಯ ಪಕ್ಕ ಒಂದೇ ಕೋಣೆ. ಬಾಗಿಲ ಹೊರಗೆ ಇಸ್ತ್ರಿಯ ಮೇಜು, ಮಡಿಸಿಟ್ಟ ಯಾರಯಾರದೋ ಅಂಗಿಗಳು. ಹುಡುಗಿಯ ಅಮ್ಮ ಸ್ಟೂಲು ಒರೆಸಿ ಕೊಟ್ಟು, ನಾವು ಬಾಯಿ ತೆರೆಯುವ ಮೊದಲೇ, "ನಮ್ಮ ಹಣೆಬರಹ ಅಷ್ಟೇ ಮೇಡಂ, ನೀವೇನು ಮಾಡ್ತೀರಿ," ಎಂದಳು. ಹಣೆಬರಹದ ಮೇಲೆ ಹಾಕಿಬಿಟ್ಟರೆ ನಮ್ಮಂಥವರಿಗೆ ಎಷ್ಟು ಅನುಕೂಲ! ದೊಡ್ಡಮ್ಮ ಅದನ್ನು ಒಪ್ಪಲಿಲ್ಲ. ಹುಡುಗಿಯನ್ನು ಹತ್ತಿರ ಕೂರಿಸಿಕೊಂಡು ನಡೆದದ್ದನ್ನೆಲ್ಲ ಬಿಡಿಸಿ ಹೇಳಿದರು.

ಹುಡುಗಿ ಗಮನವಿಟ್ಟು ಕೇಳಿಸಿಕೊಂಡಳು. ಅತ್ತಿದ್ದರೆ ಒಳ್ಳೆಯದಿತ್ತು.

"ತಪ್ಪು ಬರೆದವರಿಗೂ ಕೊಟ್ರಾ ಮೇಡಂ?"

"ಹೂಂ ಕಣಮ್ಮ. ಎಲ್ಲರಿಗೂ ಎರಡೆರಡು."

"ನಂಗೆ ಮೊದಲೇ ಇತ್ತಲ್ಲ."

"ಇತ್ತು."

"ಹಾಗಾದ್ರೆ ನಂಗೇನು ಕೊಟ್ರಿ?"

ಅವಳ ಅಮ್ಮ ಗದರಲು ಹೋದಳು. ದೊಡ್ಡಮ್ಮ ಕೈಯೆತ್ತಿ ತಡೆದರು.

"ಏನೂ ಕೊಡ್ಲಿಲ್ಲ ಮಗಳೇ," ಎಂದರು. "ನಿಂದನ್ನೇ ಕಿತ್ಕೊಂಡ್ವಿ."