ಎರಡು ಕನ್ನಡಿಗಳ ನಡುವೆ ಶಂಕ್ರೆಪ್ಪನ ಮೀನು

ಸಿಂದಗಿಯ ಬಜಾರಿನಲ್ಲಿದ್ದ ಶಂಕ್ರೆಪ್ಪನ ಕಟಿಂಗ್ ಅಂಗಡಿಗೆ ಜನ ಕೂದಲು ಕತ್ತರಿಸಿಕೊಳ್ಳಲಿಕ್ಕಷ್ಟೇ ಬರುತ್ತಿರಲಿಲ್ಲ. ಗೋಡೆಗೆ ಹಾಕಿದ್ದ ಉದ್ದನೆಯ ಮರದ ಬಾಕಿನ ಮೇಲೆ ಕೂತು ಮಾತಾಡಲಿಕ್ಕೂ ಬರುತ್ತಿದ್ದರು. ಶಂಕ್ರೆಪ್ಪ ಕತ್ತರಿ ನಿಲ್ಲಿಸಿ ಒಂದು ಮಾತು ಹಾರಿಸುತ್ತಿದ್ದ. ಬಾಕಿನವರು ನಕ್ಕರೋ ಇಲ್ಲವೋ ಎಂದು ಕನ್ನಡಿಯಲ್ಲೇ ನೋಡಿಕೊಂಡು ಮತ್ತೆ ಕತ್ತರಿ ಆಡಿಸುತ್ತಿದ್ದ. ಆ ನಗೆ ಅವನಿಗೆ ಊಟಕ್ಕಿಂತ ಹೆಚ್ಚು.

೧೯೭೪ರ ಬೇಸಿಗೆಯಲ್ಲಿ ಬಾಕು ಖಾಲಿಯಾಯಿತು. ಎದುರಿನ ಗಡಿಯಾರ ರಿಪೇರಿ ಅಂಗಡಿಯ ಮಲಿಕಸಾಬ ಸೊಲ್ಲಾಪುರದಿಂದ ಒಂದು ಫೈಟರ್ ಮೀನು ತಂದು ಗಾಜಿನ ಬರಣಿಯಲ್ಲಿ ಇಟ್ಟಿದ್ದ. ನೀಲಿ ಮೈ, ಸೀರೆಯ ಸೆರಗಿನಂತೆ ಬೀಳುವ ಕೆಂಪು ರೆಕ್ಕೆ. ಮೀನೆಂದರೆ ಸಾರಿನ ಗಡಿಗೆಗೆ ಬೀಳುವುದು ಎಂದುಕೊಂಡಿದ್ದ ಊರು, ನೋಡಲಿಕ್ಕೆಂದೇ ಸಾಕಿದ ಮೀನಿನ ಮುಂದೆ ನೆರೆಯಿತು.

ಸಂತೆಗೆಂದು ಕನ್ನೊಳ್ಳಿಯಿಂದ ಬರುತ್ತಿದ್ದ ಗುರುಲಿಂಗಪ್ಪ ಶಂಕ್ರೆಪ್ಪನ ಹಳೆಯ ಗಿರಾಕಿ. ಅವನೂ ಅರ್ಧ ಗಡ್ಡಕ್ಕೆ ಸಾಬೂನು ಹಚ್ಚಿಸಿಕೊಂಡೇ ರಸ್ತೆ ದಾಟಿ ಹೋದ.

“ಗಡ್ಡ ಇಲ್ಲೇ ಬಿಟ್ಟು ಹೋಗ್ರಿ, ನಾ ಕೆರಕೊಂತ ಕೂಡ್ತೇನಿ!” ಎಂದು ಶಂಕ್ರೆಪ್ಪ ಕೂಗಿದ.

“ತಡಿಯಪಾ, ಮೀನ ಹುಳಾ ತಿನ್ನಾಕತ್ತೈತಿ!”

ಎಲ್ಲರೂ ನಕ್ಕರು. ಆದರೆ ನಗೆ ಎದುರಿನ ಅಂಗಡಿಯಲ್ಲಿತ್ತು. ಶಂಕ್ರೆಪ್ಪ ಸವರುಗತ್ತಿಯನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಮಸೆದ.

ಮುಂದಿನ ವಾರ ಅವನೂ ಸೊಲ್ಲಾಪುರಕ್ಕೆ ಹೋಗಿ ಮೀನು ತಂದ. ಮಲಿಕಸಾಬನದಕ್ಕಿಂತ ದೊಡ್ಡದು, ಪೂರ್ತಿ ಕೆಂಪು. ಬರಣಿಯನ್ನು ಗಿರಾಕಿಯ ಮುಂದಿನ ಕನ್ನಡಿಯ ಕೆಳಗೆ ಇಟ್ಟ. ಅದರ ಎದುರು ಗೋಡೆಗೆ, ಹಿಂದಲೆ ತೋರಿಸುವ ಇನ್ನೊಂದು ಕನ್ನಡಿ ಇತ್ತು. ಇಟ್ಟ ಗಳಿಗೆಯಲ್ಲೇ ಮೀನು ಕಿವಿರು ಉಬ್ಬಿಸಿ ರೆಕ್ಕೆ ಬಿಚ್ಚಿ ನಿಂತಿತು. ಈ ಜಾತಿಯ ಗಂಡು ತನ್ನ ಬಿಂಬವನ್ನು ಇನ್ನೊಂದು ಗಂಡೆಂದು ತಿಳಿದು ಕಾದಾಟಕ್ಕೆ ನಿಲ್ಲುತ್ತದೆ. ಶಂಕ್ರೆಪ್ಪನಿಗೆ ಅದು ತಿಳಿದಿರಲಿಲ್ಲ.

“ಅಂವನ ಮೀನ ಮಲಗಿರತೈತಿ. ನಂದು ನೋಡ್ರಿ, ಪೈಲ್ವಾನ!” ಎಂದ. ಬಾಕು ಮತ್ತೆ ತುಂಬಿತು. ಗಿರಾಕಿಯ ತಲೆಯ ಮೇಲಿಂದ ಅವನು ಆಗಾಗ ರಸ್ತೆಯಾಚೆ ನೋಡುತ್ತಿದ್ದ. ಮಲಿಕಸಾಬ ಒಬ್ಬನೇ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿರುತ್ತಿದ್ದ. ಅವನಿಗೆ ಹೊಟ್ಟೆ ಉರಿದಂತೆ ಕಾಣಲಿಲ್ಲ. ಶಂಕ್ರೆಪ್ಪನನ್ನು ಕೆಣಕಿದ್ದು ಅದೇ.

ಸ್ವಲ್ಪ ದಿನಕ್ಕೆ ಕೆಂಪು ಮೀನು ಹುಳ ಮುಟ್ಟುವುದನ್ನು ಬಿಟ್ಟಿತು. ರೆಕ್ಕೆ ಮೈಗೆ ಅಂಟಿತು. ಮೈಮೇಲೆ ಗಾಯವಿಲ್ಲ, ನೀರಿನಲ್ಲಿ ವಾಸನೆಯಿಲ್ಲ. ಒಂದು ಮುಂಜಾನೆ ಬಾಗಿಲು ತೆರೆದಾಗ ತಳದಲ್ಲಿ ಮಗ್ಗುಲಾಗಿ ಬಿದ್ದಿತ್ತು.

ಶಂಕ್ರೆಪ್ಪ ಬಾಗಿಲಲ್ಲೇ ನಿಂತು ಕೂಗಿದ: “ಮಲಿಕಸಾಬ, ಕಣ್ಣ ಹಾಕಿ ಕೊಂದಿ ಹೌದಿಲ್ಲ?”

ಮಲಿಕಸಾಬ ಎದ್ದು ಬಂದ. ಬರಣಿಗೆ ಬಗ್ಗಿ ನೋಡಿದ, ಮುಂದಿನ ಕನ್ನಡಿ ನೋಡಿದ, ತಿರುಗಿ ಹಿಂದಿನದನ್ನೂ ನೋಡಿದ.

“ಶಂಕ್ರೆಪ್ಪಣ್ಣ, ಈ ಎರಡು ಕನ್ನಡಿ ನಡುವ ನಾನಽ ಸಾಲಾಗಿ ಹತ್ತ ಮಂದಿ ಕಾಣಾಕತ್ತೇನಿ. ಪಾಪ, ಅದಕ್ಕ ಎಷ್ಟ ಮಂದಿ ವೈರಿ ಕಂಡಿರಬೇಕು! ದಣದ ಸತ್ತೈತಿ.”

“ಕನ್ನಡಿ ನೋಡಿ ಯಾರರ ಸಾಯ್ತಾರೇನೋ? ನನ್ನ ಗಿರಾಕಿ ದಿನಾ ನೋಡ್ತಾರ.”

“ಅವರು ಗಡ್ಡ ಆದಮ್ಯಾಲ ಎದ್ದ ಹೋಗ್ತಾರಲ್ಲ.”

ಮಲಿಕಸಾಬ ಹೇಳಿದ್ದೇ ನಿಜವೆನ್ನಲು ಆಧಾರವಿಲ್ಲ. ಬಿಡುವಿಲ್ಲದೆ ಬಿಂಬದೊಡನೆ ಕಾದಾಡಿದ ಮೀನು ಸೊರಗುವುದು ಉಂಟು. ಬಾವಿಯ ನೀರಿಗೆ ಹಾಕುವ ಬ್ಲೀಚಿಂಗ್ ಪುಡಿಯೂ ಮೀನನ್ನು ಕೊಲ್ಲುತ್ತದೆ. ತರುವಾಗಲೇ ಅದಕ್ಕೆ ರೋಗವಿದ್ದಿರಲೂಬಹುದು. ಯಾರೂ ಪರೀಕ್ಷಿಸಲಿಲ್ಲ.

“ನನ್ನ ಮೀನ ಒಯ್ಯಿ. ಆದ್ರ ಹಿಂದಿನ ಕನ್ನಡಿಗೆ ಅರಿವಿ ಹಾಕಿ ಮುಚ್ಚು” ಎಂದ ಮಲಿಕಸಾಬ.

ಶಂಕ್ರೆಪ್ಪ ಆ ಕನ್ನಡಿ ನೋಡಿದ. ಮೀನಿನ ಮೇಲೆ ಆಸೆಯೇನೋ ಇತ್ತು. ಆದರೆ ಊರು ಅದನ್ನು ಮಲಿಕಸಾಬನ ಮೀನೆಂದೇ ಕರೆಯುತ್ತದೆ. “ಬ್ಯಾಡ” ಎಂದ.

ಬಾಕಿನವರು ಮತ್ತೆ ರಸ್ತೆ ದಾಟಿದರು. ಒಂದು ಮಧ್ಯಾಹ್ನ ಗಿರಾಕಿ ಇಲ್ಲದಾಗ ಶಂಕ್ರೆಪ್ಪನೂ ಟವೆಲ್ ಹೆಗಲಿಗೆ ಹಾಕಿಕೊಂಡು ದಾಟಿದ. ಬರಣಿಗೆ ಬೆನ್ನು ಮಾಡಿ ಕೂತ.

“ಮೀನ ನೋಡಾಕ ಬಂದ್ಯೇನಪಾ?” ಎಂದ ಗುರುಲಿಂಗಪ್ಪ.

“ಮೀನ ಯಾಂವ ಕೇಳ್ತಾನ? ಟೈಮ್ ನೋಡಾಕ ಬಂದೇನಿ.”

ಗೋಡೆಯ ತುಂಬ ನಿಂತುಹೋದ ಗಡಿಯಾರಗಳು. ಮಲಿಕಸಾಬ ತಲೆಯೆತ್ತದೆ ಕೇಳಿದ: “ಯಾವದರಾಗ ನೋಡ್ತಿ?”

ಕೂತವರೆಲ್ಲ ನಕ್ಕರು. ಶಂಕ್ರೆಪ್ಪನೂ ನಕ್ಕ, ಎಲ್ಲರಿಗಿಂತ ತಡವಾಗಿ. ಆಮೇಲೆ ಸ್ವಲ್ಪ ಮಗ್ಗುಲಾಗಿ, ನೀಲಿ ಮೀನು ಕಾಣುವ ಹಾಗೆ ಕೂತ.