ನಾಲ್ಕನೇ ತಿಂಗಳ ಕಾಯಿ

೧೯೮೧ರಲ್ಲಿ, ಒಂಬತ್ತನೇ ತರಗತಿಯ ನಡುವೆ, ನಾನು ಓದು ಬಿಟ್ಟೆ. ಯಾರೂ ಬಿಡಿಸಲಿಲ್ಲ. ಅರಸೀಕೆರೆಯಲ್ಲಿ ಮೇಸ್ತ್ರಿಯೊಬ್ಬರ ಹತ್ತಿರ ನೆಲಕ್ಕೆ ಕಲ್ಲು ಹಾಸುವ ಕೆಲಸ ಹಿಡಿದೆ. ಮೂರೇ ವರ್ಷಕ್ಕೆ ಅವರಿಗಿಂತ ಚೆನ್ನಾಗಿ ಮಟ್ಟ ನೋಡುತ್ತಿದ್ದೆ, ಹೇಳಿಕೊಳ್ಳಲು ಸಂಕೋಚವೇನಿಲ್ಲ. ಶಾಲೆಯಲ್ಲಿ ನನಗೆ ಬರುತ್ತಿದ್ದುದು ಪ್ರಬಂಧ ಬರೆಯುವುದೊಂದೇ. ಅದನ್ನೂ ಬಿಟ್ಟೆ. ಬರೆಯುವುದು ಕೂತು ಉಣ್ಣುವವರ ಕೆಲಸ ಅಂದುಕೊಂಡೆ.

೧೯೯೬ರಲ್ಲಿ ಟೈಲ್ಸ್ ಕೆಲಸಕ್ಕೆ ಮಸ್ಕತ್ತಿಗೆ ಹೋದೆ. ತಿಂಗಳಿಗೊಮ್ಮೆ ಹೆಂಡತಿಗೆ ಕಾಗದ: ನಾನು ಕ್ಷೇಮ, ನೀನೂ ಅವ್ವನೂ ಹೇಗಿದ್ದೀರಿ. ಅಷ್ಟೇ. ಅದಕ್ಕಿಂತ ಹೆಚ್ಚು ಬರೆಯಲು ಕೈಯೇ ಬರುತ್ತಿರಲಿಲ್ಲ.

ವರ್ಷ ತುಂಬುವ ಹೊತ್ತಿಗೆ ಅವಳ ಕಾಗದವೊಂದು ಬಂತು. ಅಟ್ಟಕ್ಕೆ ಹಾಕಿದ ತೆಂಗಿನಕಾಯಿ ನಾಲ್ಕೇ ತಿಂಗಳಿಗೆ ಗಡಗಡ ಅನ್ನುತ್ತಿವೆಯಂತೆ! ನಾಲ್ಕು ತಿಂಗಳಿಗೆ ಕಾಯಿಯೊಳಗೆ ಇನ್ನೂ ನೀರಿರುತ್ತದೆ. ಕೊಬ್ಬರಿ ಚಿಪ್ಪು ಬಿಟ್ಟು ಸದ್ದು ಮಾಡಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಗಂಡಸಿ ಊರಿನ ತೆಂಗಿನ ತೋಟದ ಮನೆಯಲ್ಲಿ ಹುಟ್ಟಿದವಳು ಈ ಮಾತು ಬರೆಯುವುದುಂಟೆ? ಅಕ್ಷರ ಅವಳದೇ. ಮಾತು ಯಾರದು?

ಊರಿನಲ್ಲಿ ನಮ್ಮ ಮನೆಯ ಮುಂದಿನ ಕೋಣೆಗೆ ಬೇಲೂರು ಪೇಟೆಯ ಮೇಷ್ಟ್ರೊಬ್ಬರು ಬಾಡಿಗೆಗೆ ಬಂದಿದ್ದರು. ಪೇಟೆಯವರಿಗೆ ಕಾಯಿ ಎಂದರೆ ಪೂಜೆಗೆ ಒಡೆಯುವುದು ಮಾತ್ರ. ಅವರೇ ಅವಳ ಪಕ್ಕದಲ್ಲಿ ನಿಂತು ಹೇಳಿ ಬರೆಸುತ್ತಿದ್ದಾರೆ ಎಂದುಕೊಂಡೆ. ಅಲ್ಲಿಂದ ಅನ್ನ ಸೇರಲಿಲ್ಲ.

ಮಸ್ಕತ್ತಿನ ನನ್ನ ಕೋಣೆಯಲ್ಲಿ ಹಳೇಬೀಡಿನವನೊಬ್ಬ ಇದ್ದ. ನಾನು ಕಾಗದವನ್ನು ಬೆಳಕಿಗೆ ಹಿಡಿದು ನೋಡುವುದನ್ನು ಕಂಡು, "ಏನ್ಲಾ, ಹೆಂಡ್ರ ಕಾಗ್ದ ಓದ್ತಿದ್ದೀಯೋ, ಕಳ್ನೋಟು ನೋಡ್ತಿದ್ದೀಯೋ?" ಎಂದ.

"ನಿನ್ ಕೆಲಸ ನೋಡ್ಕೊಳ್ಲಾ," ಎಂದೆ.

ಪರೀಕ್ಷೆ ಮಾಡಿಯೇ ಬಿಡೋಣ ಎಂದು ನಮ್ಮ ಅಟ್ಟದ ಬಗ್ಗೆ ನಾಲ್ಕು ಹಾಳೆ ಬರೆದೆ. ಬಿದಿರು ಹಾಸಿದ ಅಟ್ಟ, ಕೆಳಗಿನ ಒಲೆಯ ಹೊಗೆ, ಕಾಯಿಯನ್ನು ಕಿವಿಗೆ ಹಿಡಿದು ಕಣ್ಣು ಮುಚ್ಚುವ ಅವ್ವ. ಕೊನೆಗೆ, ಏಣಿ ಯಾವ ಮೂಲೆಗಿದೆ, ಎಷ್ಟು ಮೆಟ್ಟಿಲು ಎಂದು ಕೇಳಿದೆ. ಉತ್ತರ ಬಂತು: ಬಾಗಿಲ ಬಲಕ್ಕೆ, ಒಂಬತ್ತು ಮೆಟ್ಟಿಲು. ಎರಡೂ ತಪ್ಪು!

ಈಗ ಆರು ಹಾಳೆ. ಆಮೇಲೆ ಎಂಟು. ಕೊಟ್ಟಿಗೆ, ಬಾವಿಯ ಗಡಗಡೆ, ನಾನು ಹಾಸಿದ ಮೊದಲ ನೆಲ. ಏನು ಕೇಳಿದರೂ ಅವಳ ಉತ್ತರದಲ್ಲಿ ಒಂದು ತಪ್ಪು ಇದ್ದೇ ಇರುತ್ತಿತ್ತು. ಗೋಡೆ ಅಳೆಯುವಾಗಲೂ ಮುಂದಿನ ವಾಕ್ಯ ತಲೆಯಲ್ಲಿ ಓಡುತ್ತಿತ್ತು. ಅದು ಬರೆಯುವ ಆಸೆ ಎಂದು ನಾನು ಒಪ್ಪಲಿಲ್ಲ. ವಿಚಾರಣೆ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ.

ಕೊನೆಗೆ ಒಂದು ಶುಕ್ರವಾರ, ರಜೆಯ ದಿನ, ಊರಿನ ಎಸ್‌ಟಿಡಿ ಅಂಗಡಿಗೆ ಅವಳನ್ನು ಕರೆಸಿ ಫೋನು ಮಾಡಿದೆ.

"ಕಾಗದ ಯಾರು ಹೇಳಿ ಬರೆಸ್ತಾರೆ?"

"ಯಾರ್ ಹೇಳ್ತಾರ್ರೀ? ನಾನೇ ಬರೀತೀನಿ."

"ನಾಲ್ಕು ತಿಂಗಳಿಗೆ ಕಾಯಿ ಸದ್ದು ಮಾಡ್ತೈತಾ?"

ಅವಳು ನಕ್ಕಳು. "ಮಾಡಲ್ಲ ಅಂತ ನಂಗೊತ್ತಿಲ್ವಾ? ಸರಿಯಾಗಿ ಬರೆದ್ರೆ ನೀವು ಎರಡು ಸಾಲು ಗೀಚ್ತೀರಿ. ತಪ್ಪು ಬರೆದ್ರೆ ತಿದ್ದೋಕೆ ನಾಲ್ಕು ಹಾಳೆ. ಅತ್ತೆಗೂ ಓದಿ ಹೇಳ್ತೀನಿ, ಇನ್ನೊಂದ್ ಸಲ ಓದು ಅಂತಾರೆ."

"ಆ ಮೇಷ್ಟ್ರು?"

"ವರ್ಗ ಆಗಿ ಹೋಗಿ ಎರಡು ತಿಂಗಳಾಯ್ತು. ಅದಕ್ಕಾ ಇಷ್ಟು ಖರ್ಚು ಮಾಡಿ ಫೋನು?" ಎಂದು ದನಿ ತಗ್ಗಿಸಿದಳು. "ನನ್ ಮೇಲೇನಾ ಅನುಮಾನ?"

ಅಷ್ಟು ಕೇಳಿ ಅವಳೇ ಫೋನು ಇಟ್ಟಳು.

ಅವಳ ಮುಂದಿನ ಕಾಗದ ಬರಲು ಎರಡು ತಿಂಗಳಾಯಿತು. ಅದರಲ್ಲಿ ತಪ್ಪಿದೆಯೇ ಎಂದು ಸಾಲುಸಾಲಾಗಿ ಹುಡುಕಿದೆ. ಒಂದೂ ಇರಲಿಲ್ಲ. ಎರಡೇ ಸಾಲು: ನಾವು ಕ್ಷೇಮ, ನೀವು ಹೇಗಿದ್ದೀರಿ. ಆ ದಿನ ತಿದ್ದಲು ಏನೂ ಇಲ್ಲದೆ ಐದು ಹಾಳೆ ಬರೆದೆ. ಅನುಮಾನ ಪಟ್ಟಿದ್ದೆ ಎಂಬುದನ್ನೂ ಬರೆದೆ, ಮೊದಲ ಹಾಳೆಯಲ್ಲೇ.

ಈಗ ಊರಿನಲ್ಲಿ ನನ್ನ ಬಳಿ ಬರೆದು ತುಂಬಿದ ನೋಟ್‌ಪುಸ್ತಕ ಹದಿನೇಳು, ಖಾಲಿಯದು ಒಂದು, ಪೆನ್ನು ಎರಡು, ಕನ್ನಡಕ ಒಂದು. ಹೆಂಡತಿ ತೆಗೆದಿಟ್ಟ ನನ್ನ ಕಾಗದಗಳು ಅರವತ್ತೆರಡು. ಅವಳು ಎಣಿಸಿ ಹೇಳಿದಳು, ನಾನೂ ಒಮ್ಮೆ ಎಣಿಸಿದೆ. ಅರವತ್ತೆರಡೇ.