ವಿಭೂತಿ ಹಚ್ಚಿದ ಹಳೆಯ ಕಂಪ್ಯೂಟರ್

ಅರಸೀಕೆರೆಯ ಗುಜರಿ ಅಂಗಡಿಯಲ್ಲಿ, ತುಕ್ಕು ಹಿಡಿದ ತಗಡುಗಳ ನಡುವೆ ನನ್ನ ಕಂಪ್ಯೂಟರ್ ಸಿಕ್ಕಿತು. ಆಯುಧಪೂಜೆಗೆ ನಾನೇ ಎಳೆದಿದ್ದ ವಿಭೂತಿಯ ಮೂರು ಗೆರೆಗಳು ಅದರ ಮೇಲೆ ಹಾಗೇ ಇದ್ದವು.

ಜಾವಗಲ್‌ನ ನನ್ನ ಟೈಲರಿಂಗ್ ಅಂಗಡಿಯಲ್ಲಿ ಕಸೂತಿ ಯಂತ್ರವನ್ನು ನಡೆಸುತ್ತಿದ್ದುದು ಅದೇ. ಸರ್ವಿಸ್‌ಗೆ ಬಂದವನು ಹಿಂದಿನ ದಿನ ಹೊಸ ಕಂಪ್ಯೂಟರ್ ಇಟ್ಟು, ಹಳೆಯದನ್ನು ನನ್ನನ್ನು ಒಂದು ಮಾತೂ ಕೇಳದೆ ಹೊತ್ತುಕೊಂಡು ಹೋಗಿದ್ದ. ಹೊಸದರಲ್ಲಿ ನನ್ನ ಹಳೆಯ ಪ್ರೋಗ್ರಾಂ ತೆರೆದುಕೊಳ್ಳುತ್ತಿತ್ತು, ಆದರೆ ಮೊದಲಿನಂತೆ ಯಂತ್ರಕ್ಕೆ ನೇರವಾಗಿ ಹೇಳಿ ಸೂಜಿ ಓಡಿಸಲು ಹೊಸ ಸಿಸ್ಟಮ್ ಅದನ್ನು ಬಿಡುತ್ತಿರಲಿಲ್ಲ. ಮದುವೆಯ ರವಿಕೆಗೆ ಒಂದು ತೋಳಷ್ಟೇ ಕಸೂತಿಯಾಗಿತ್ತು. ಫೋನ್ ಮಾಡಿದರೆ ಅವನು, “ಆ ಕಂಪ್ಯೂಟರ್ ಗುಜರಿಗೆ ಹಾಕ್ದೆ ಕಣಕ್ಕ. ಯಂತ್ರನೂ ಹಳೇದೇ, ಅದ್ನೂ ಹಾಕ್ಬಿಡಿ” ಅಂದ. ನಿನ್ನೆಯವರೆಗೆ ಒಂದು ಎಳೆ ತಪ್ಪದೆ ಹೊಲಿದ ಯಂತ್ರ ಅದು. ಯಾವ ಗುಜರಿ ಅಂತ ಕೇಳಿಕೊಂಡು ಅರಸೀಕೆರೆಯ ಬಸ್ಸು ಹತ್ತಿದೆ.

ಗುಜರಿಯ ಮುದುಕ ಕಂಪ್ಯೂಟರನ್ನು ಒರೆಸಿ ಕೈಗೆ ಕೊಟ್ಟು, “ಪೂಜೆ ಮಾಡಿರೋದು ಐತಲ್ಲ, ಒಡೆಯಾಕೆ ಕೈ ಬರ್ಲಿಲ್ಲ ಕಣಮ್ಮ” ಅಂದ. ತಂದು ಮತ್ತೆ ಯಂತ್ರಕ್ಕೆ ಜೋಡಿಸಿದೆ; ಸಂಜೆಯೊಳಗೆ ಎರಡನೆಯ ತೋಳೂ ಮುಗಿಯಿತು.

ಹೊಸ ಕಂಪ್ಯೂಟರ್ ಈಗಲೂ ಮೂಲೆಯಲ್ಲಿದೆ. ಈ ಸಲದ ಆಯುಧಪೂಜೆಯಲ್ಲಿ ಅದಕ್ಕೆ ವಿಭೂತಿ ಹಚ್ಚಲಿಲ್ಲ. ದುಡಿಯದ ಆಯುಧಕ್ಕೆ ಎಂಥ ಪೂಜೆ?